ತಾಯಿ ನಡೆದ ದಾರಿಯನ್ನು ಬರೆದಿಟ್ಟ ಮಗಳು

ಮೊಲಗಳ ಹಾವಳಿಯನ್ನು ತಡೆಯಲು ಒಂದು ಸರಕಾರವು ಸಾವಿರದ ಎಂಟುನೂರು ಕಿಲೋಮೀಟರುಗಳಿಗೂ ಮಿಕ್ಕಿದ ಬೇಲಿಯನ್ನು ಹಾಕಿಸಿತೆಂದರೆ ಕೇಳಿದವರು ನಕ್ಕಾರು. ಆದರೆ ಇದು ಕಟ್ಟುಕಥೆಯಲ್ಲ. 1859ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಜಮೀನುದಾರನೊಬ್ಬನು ಬೇಟೆಯ ವಿನೋದಕ್ಕೆಂದು ಇಂಗ್ಲೆಂಡಿನಿಂದ ತರಿಸಿದ ಎರಡು ಡಜನ್ ಮೊಲಗಳ ಸಂತಾನವು ಅರ್ಧ ಶತಮಾನದೊಳಗೆ ಖಂಡದ ಬಹುಭಾಗವನ್ನು ಆವರಿಸಿ, ಕಂಡ ಹಸುರನ್ನೆಲ್ಲ ಮೇಯುತ್ತ ಪಶ್ಚಿಮಕ್ಕೆ ನುಗ್ಗತೊಡಗಿತು. ಗಾಬರಿಗೊಂಡ ಪಶ್ಚಿಮ ಆಸ್ಟ್ರೇಲಿಯದ ಸರಕಾರವು 1901ರಲ್ಲಿ ತಂತಿಬೇಲಿಯ ಕೆಲಸಕ್ಕೆ ಕೈಹಾಕಿ, 1907ರಲ್ಲಿ ಅದನ್ನು ಮುಗಿಸಿತು. ದಕ್ಷಿಣದ ಸಮುದ್ರತೀರದಿಂದ ವಾಯವ್ಯದ ಸಮುದ್ರತೀರದವರೆಗೆ ಅದರ ಉದ್ದ 1833 ಕಿಲೋಮೀಟರು. ಬೇಲಿ ಮುಗಿಯುವಷ್ಟರಲ್ಲಿ ಮೊಲಗಳು ಆಚೆಗೆ ದಾಟಿಹೋಗಿದ್ದವು!

ಮೊಲಗಳಿಗೆ ಅಡ್ಡಿಯಾಗದ ಆ ಬೇಲಿಯು ಇಪ್ಪತ್ತನಾಲ್ಕು ವರ್ಷಗಳ ಮೇಲೆ ಮೂವರು ಹುಡುಗಿಯರಿಗೆ ದಾರಿ ತೋರಿತು. ತಾಯಂದಿರಿಂದ ಅಗಲಿಸಿ ಒಯ್ದಿದ್ದ ಸರಕಾರಿ ವಸತಿಯಿಂದ ತಪ್ಪಿಸಿಕೊಂಡು, ಆ ಬೇಲಿಯ ಜಾಡನ್ನು ಹಿಡಿದು, ಸುಮಾರು 1600 ಕಿಲೋಮೀಟರುಗಳನ್ನು ಬರಿಗಾಲಿನಲ್ಲಿ ಕ್ರಮಿಸಲು ಅವರು ಹೊರಟರು. ಈ ನಡಿಗೆಯ ಸುದ್ದಿಯು 2002ರಲ್ಲಿ ಬಂದ ಚಲನಚಿತ್ರದ ಮೂಲಕ ಜಗತ್ತಿಗೆಲ್ಲ ತಿಳಿದಿದೆ. ಅದನ್ನು ಮರೆವಿನಿಂದ ಎತ್ತಿ ಬರಹಕ್ಕಿಳಿಸಿದ ಡೋರಿಸ್ ಪಿಲ್ಕಿಂಗ್ಟನ್ ಎಂಬ ಹಿರಿಯ ಮಹಿಳೆಯ ಬಾಳಿನ ಕಥೆ ಅಷ್ಟು ಪ್ರಚುರವಾಗಿಲ್ಲ. ಆ ಮೂವರು ಹುಡುಗಿಯರಲ್ಲಿ ಹಿರಿಯಳಾದ ಮೋಲಿಯೇ ಡೋರಿಸರ ತಾಯಿ.

ಬೇಲಿಯ ಜಾಡಿನಲ್ಲಿ

ಪಶ್ಚಿಮ ಆಸ್ಟ್ರೇಲಿಯದ ಉತ್ತರಭಾಗದಲ್ಲಿ, ಮರಳುಗಾಡಿನ ಅಂಚಿನಲ್ಲಿ ಜಿಗಲಾಂಗ್ ಎಂಬ ಊರಿದೆ. ಬೇಲಿಯನ್ನು ದುರಸ್ತಿಯಲ್ಲಿಡುವ ಕೆಲಸಗಾರರಿಗಾಗಿ 1907ರಲ್ಲಿ ತೆರೆದ ಉಗ್ರಾಣವೇ ಆ ಊರಿನ ಮೂಲ. ಮರಳುಗಾಡಿನಲ್ಲಿ ತಲೆಮಾರುಗಳಿಂದ ಸಂಚರಿಸುತ್ತಿದ್ದ ಮಾರ್ಡು ಜನರು ಕ್ರಮೇಣ ಅಲ್ಲಿಗೆ ಬಂದು ಬೀಡುಬಿಟ್ಟರು. ಬೇಲಿಯ ತನಿಖಾಧಿಕಾರಿಯಾಗಿದ್ದ ಥಾಮಸ್ ಕ್ರೇಗ್ ಎಂಬ ಆಂಗ್ಲನಿಗೂ ಮಾಡ್ ಎಂಬ ಮಾರ್ಡು ಹೆಂಗಸಿಗೂ ಹುಟ್ಟಿದವಳು ಮೋಲಿ. ಗ್ರೇಸಿ ಮತ್ತು ಡೇಸಿ ಅವಳಿಗಿಂತ ಕಿರಿಯರು. ಬಿಳಿಯರ ಲೆಕ್ಕದಲ್ಲಿ ಇವರು ಒಂದೇ ತಾಯಿಯ ಮಕ್ಕಳಲ್ಲದಿದ್ದರೂ ಮಾರ್ಡು ಜನರ ಲೆಕ್ಕದಲ್ಲಿ ಅಕ್ಕತಂಗಿಯರೇ. ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳನ್ನು ಒಡಹುಟ್ಟಿದವರೆಂದೇ ಕರೆಯುವ ಕನ್ನಡ ಮನೆಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಕಾನೂನು ವಿಚಿತ್ರವಾಗಿತ್ತು. 1905ರ ಶಾಸನದ ಪ್ರಕಾರ, ಆ ರಾಜ್ಯದ ಮೂಲನಿವಾಸಿಗಳ ಪ್ರತಿಯೊಂದು ಮಗುವಿಗೂ, ಮಿಶ್ರ ಸಂತಾನಕ್ಕೂ, ಹದಿನಾರು ವರ್ಷ ತುಂಬುವವರೆಗೆ ನ್ಯಾಯಬದ್ಧ ಪಾಲಕನು ತಾಯಿಯಲ್ಲ, ತಂದೆಯಲ್ಲ. ಪರ್ತ್ ನಗರದ ಕಚೇರಿಯಲ್ಲಿ ಕುಳಿತ ‘ಮುಖ್ಯ ಸಂರಕ್ಷಕ’ನೆಂಬ ಅಧಿಕಾರಿ. 1915ರಿಂದ ಆ ಹುದ್ದೆಯಲ್ಲಿದ್ದ ಎ. ಓ. ನೆವಿಲ್‌ಗೆ ಒಂದು ನಂಬಿಕೆಯಿತ್ತು. ಮಿಶ್ರ ರಕ್ತದ ಮಕ್ಕಳನ್ನು ಅವರ ಜನರಿಂದ ಬೇರ್ಪಡಿಸಿ, ಬಿಳಿಯರ ಮನೆಗೆಲಸಕ್ಕೆ ತಕ್ಕಂತೆ ತಿದ್ದಿ, ಮುಂದಿನ ಪೀಳಿಗೆಗಳಲ್ಲಿ ಬಿಳಿಯರೊಡನೆಯೇ ಬೆರೆಸಿಬಿಟ್ಟರೆ ಅವರ ಮೂಲದ ಗುರುತೇ ಅಳಿದುಹೋಗುವುದೆಂದು ಆತ ಎಣಿಸಿದ್ದನು. ಸಂರಕ್ಷಣೆಯೆಂಬ ಮಾತು ಇದಕ್ಕಿಂತ ಕೆಟ್ಟ ಕೆಲಸಕ್ಕೆ ಬಳಕೆಯಾದದ್ದು ಅಪರೂಪ.

1931ರಲ್ಲಿ ಪೋಲೀಸಿನವನೊಬ್ಬನು ಜಿಗಲಾಂಗಿಗೆ ಬಂದು ಮೂವರು ಹುಡುಗಿಯರನ್ನು ಕರೆದೊಯ್ದನು. ಮೋಲಿಗೆ ಆಗ ಹದಿನಾಲ್ಕರ ಪ್ರಾಯ. ಗ್ರೇಸಿಗೆ ಹನ್ನೊಂದು, ಡೇಸಿಗೆ ಎಂಟು. ಪೋರ್ಟ್ ಹೆಡ್ಲೆಂಡಿನಿಂದ ಹಡಗಿನಲ್ಲಿ ಕರೆತಂದು ಅವರನ್ನು ಪರ್ತ್ ನಗರದ ಉತ್ತರಕ್ಕಿರುವ ಮೂರ್ ನದಿಯ ವಸತಿಗೆ ಸೇರಿಸಲಾಯಿತು. ರಾತ್ರಿ ಬೀಗ ಹಾಕುವ ಮಲಗುಕೋಣೆಗಳು, ಕಿಟಕಿಗಳಿಗೆ ಕಂಬಿ. ತಾಯ್ನುಡಿಯಲ್ಲಿ ಮಾತನಾಡಲು ಆಸ್ಪದವಿಲ್ಲ. ಈ ವಸತಿಯ ಸ್ವರೂಪವೇನೆಂದು ತಿಳಿಯಲು ಮೋಲಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಂದ ಕೆಲವೇ ಹೊತ್ತಿನಲ್ಲಿ, ಮಿಕ್ಕ ಮಕ್ಕಳು ಪಾಠಶಾಲೆಗೆ ಹೊರಟ ಸಮಯ ನೋಡಿ, ತಂಗಿಯರಿಬ್ಬರನ್ನು ಕರೆದುಕೊಂಡು ಅವಳು ಮನೆಯ ದಾರಿ ಹಿಡಿದಳು.

ಮನೆಯ ದಾರಿ ಯಾವುದು? ಕೈಯಲ್ಲಿ ನಕ್ಷೆಯಿರಲಿಲ್ಲ, ಇದ್ದರೂ ಓದಲು ಬರುತ್ತಿರಲಿಲ್ಲ. ಆದರೆ ತಂದೆ ಕೆಲಸ ಮಾಡುತ್ತಿದ್ದ ಬೇಲಿ ತನ್ನೂರಿನ ಪಕ್ಕದಲ್ಲೇ ಹಾದುಹೋಗುತ್ತದೆಂಬುದನ್ನು ಮೋಲಿ ಬಲ್ಲಳು. ಎಲ್ಲಿಯಾದರೂ ಒಂದೆಡೆ ಬೇಲಿಯನ್ನು ಮುಟ್ಟಿದರೆ ಸಾಕು, ಅದು ತಾಯಿಯ ಬಳಿಗೆ ಕೊಂಡೊಯ್ಯುತ್ತದೆ. ಆಗಸ್ಟ್ ತಿಂಗಳು, ಆ ಭೂಭಾಗದಲ್ಲಿ ಚಳಿಗಾಲ. ಸುರಿದ ಮಳೆ ಅವರ ಹೆಜ್ಜೆಗುರುತುಗಳನ್ನು ಅಳಿಸಿ ಉಪಕಾರ ಮಾಡಿತು. ಮೊಲಗಳನ್ನು ಹಿಡಿದು ಸುಟ್ಟು ತಿಂದರು. ದಾರಿಯ ಎಸ್ಟೇಟುಗಳಲ್ಲಿ ಕೇಳಿ ಪಡೆದ ಆಹಾರದಿಂದ ಹೊಟ್ಟೆ ತುಂಬಿಸಿಕೊಂಡರು. ಅನ್ನವಿತ್ತವರಲ್ಲಿ ಕೆಲವರು ಆ ಮೇಲೆ ಪೋಲೀಸರಿಗೆ ಸುದ್ದಿ ಕೊಟ್ಟದ್ದೂ ಉಂಟು. ಮುಳ್ಳು ಗೀರಿ ಕಾಲುಗಳಲ್ಲಿ ಗಾಯಗಳು ಕೀವುಗಟ್ಟಿದಾಗ ಒಬ್ಬರನ್ನೊಬ್ಬರು ಬೆನ್ನ ಮೇಲೆ ಹೊತ್ತು ನಡೆದರು. ತಮ್ಮ ತಾಯಿ ವಿಲೂನ ಎಂಬ ಊರಿನಲ್ಲಿದ್ದಾಳೆಂಬ ಮಾತು ಕೇಳಿ ಗ್ರೇಸಿ ನಡುದಾರಿಯಲ್ಲಿ ಬೇರೆಯಾದಳು, ಸಿಕ್ಕಿಬಿದ್ದು ಮರಳಿ ಮೂರ್ ನದಿಗೆ ಸೇರಿದಳು. ಅವಳು ಮುಂದೆಂದೂ ಜಿಗಲಾಂಗನ್ನು ಕಾಣಲಿಲ್ಲ. ಮೋಲಿ ಮತ್ತು ಡೇಸಿ ಸುಮಾರು ಒಂಬತ್ತು ವಾರಗಳ ನಂತರ ಮನೆ ಮುಟ್ಟಿದರು. ದಿನಕ್ಕೆ ಸರಾಸರಿ ಇಪ್ಪತ್ತೈದು ಕಿಲೋಮೀಟರು, ಜೊತೆಗೆ ಎಂಟು ವರ್ಷದ ಮಗು! ಹುಡುಕಾಟಕ್ಕೆ ತಗಲಿದ ವೆಚ್ಚವೇ ಅತಿಯಾಯಿತೆಂದು ನೆವಿಲ್‌ನ ಕಚೇರಿಯೂ ಕೊನೆಗೆ ಸುಮ್ಮನಾಯಿತು.

ಮತ್ತೊಮ್ಮೆ ಅದೇ ದಾರಿ

ಚಲನಚಿತ್ರದ ಕಥೆ ಮುಖ್ಯವಾಗಿ ಇಷ್ಟೇ. ಮೋಲಿಯ ಕಷ್ಟ ಇಲ್ಲಿಗೆ ಮುಗಿಯಲಿಲ್ಲ.

ಬೆಳೆದ ಮೋಲಿ, ಟೋಬಿ ಕೆಲಿ ಎಂಬ ಮೂಲನಿವಾಸಿ ಗೋಪಾಲಕನ ಕೈಹಿಡಿದು ಬಾಲ್ಫರ್ ಡೌನ್ಸ್ ಎಂಬ ದನಗಳ ಎಸ್ಟೇಟಿನಲ್ಲಿ ನೆಲೆಸಿದಳು. ಅಲ್ಲಿ ಒಂದು ವಿಂಟಮರ್ರ ಗಿಡದ ಅಡಿಯಲ್ಲಿ ಆಕೆಯ ಮೊದಲ ಮಗಳು ಹುಟ್ಟಿದಳು. ವಿಂಟಮರ್ರ ಎಂಬುದು ಜಾಲಿಯ ವರ್ಗಕ್ಕೆ ಸೇರಿದ ಒಂದು ಮರ. ತಾಯಿ ಮಗುವಿಗೆ ‘ನುಗಿ’ ಎಂದು ಹೆಸರಿಟ್ಟಳು. ಎಸ್ಟೇಟಿನ ಯಜಮಾನಿತಿಗೆ ಆ ಹೆಸರು ಹಿಡಿಸಲಿಲ್ಲ. ‘ಡೋರಿಸ್’ ಎಂದು ಬದಲಾಯಿಸಿದಳು. ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ ಇಲಾಖೆಯವರು 1937ರ ಜುಲೈ 1 ಎಂದು ತಾವೇ ಗೊತ್ತುಮಾಡಿದರು. ಹೀಗೆ ಹೆಸರು ಒಬ್ಬರದು, ಹುಟ್ಟುಹಬ್ಬ ಮತ್ತೊಬ್ಬರದು!

1940ರ ನವೆಂಬರಿನಲ್ಲಿ ಮೋಲಿಯನ್ನು ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗಾಗಿ ಪರ್ತ್ ನಗರಕ್ಕೆ ತಂದರು. ಜೊತೆಯಲ್ಲಿ ಮೂರೂವರೆ ವರ್ಷದ ಡೋರಿಸ್ ಮತ್ತು ಕೈಗೂಸು ಅನಬೆಲ್. ಚಿಕಿತ್ಸೆ ಮುಗಿದ ಮೇಲೆ ಮನೆಗೆ ಕಳುಹಿಸಲಿಲ್ಲ. ಒಂಬತ್ತು ವರ್ಷಗಳ ಹಿಂದೆ ಯಾವ ಸ್ಥಳದಿಂದ ತಪ್ಪಿಸಿಕೊಂಡಿದ್ದಳೋ ಅದೇ ಮೂರ್ ನದಿಗೆ ತಾಯಿಮಕ್ಕಳನ್ನು ಸಾಗಿಸಿದರು. 1941ರ ಜನವರಿ 1ರಂದು ಮೋಲಿ ಮತ್ತೊಮ್ಮೆ ಹೊರಟಳು. ಹದಿನೆಂಟು ತಿಂಗಳ ಅನಬೆಲ್ ಆಕೆಯ ಕಂಕುಳಲ್ಲಿತ್ತು. ಇಬ್ಬರು ಮಕ್ಕಳನ್ನು ಹೊತ್ತು ಅಷ್ಟು ದೂರ ನಡೆಯುವುದು ಯಾರಿಂದಲೂ ಆಗದ ಕೆಲಸ. ಡೋರಿಸ್ ಹಿಂದೆ ಉಳಿದಳು.

ಮೋಲಿ ಅದೇ ಹಳೆಯ ದಾರಿಯಲ್ಲಿ ನಡೆದು, ಕೂಸಿನೊಡನೆ ಊರು ಸೇರಿದಳು. ಆದರೆ ಮೂರು ವರ್ಷಗಳ ತರುವಾಯ ಅನಬೆಲ್‌ಳನ್ನೂ ಸರಕಾರ ಒಯ್ದು, ಮೈಬಣ್ಣ ಬೆಳ್ಳಗಿದ್ದ ಮಕ್ಕಳಿಗೆಂದೇ ಪರ್ತ್‌ನಲ್ಲಿದ್ದ ನಿಲಯವೊಂದಕ್ಕೆ ಸೇರಿಸಿತು.

ಡೋರಿಸ್ ವಸತಿಯಲ್ಲಿ ಬೆಳೆದಳು; ಹನ್ನೆರಡರ ಸುಮಾರಿಗೆ ರೋಲೆಂಡ್ಸ್ ಎಂಬಲ್ಲಿನ ಕ್ರೈಸ್ತ ಮಿಷನ್ನಿಗೆ ವರ್ಗವಾದಳು. ತನ್ನ ಜನರ ನಂಬಿಕೆ ನಡವಳಿಕೆಗಳೆಲ್ಲ ಹೇಯವೆಂಬ ಪಾಠವನ್ನು ಕೇಳುತ್ತಲೇ ದೊಡ್ಡವಳಾದಳು. ತಾಯಿಯ ಮುಖ ನೆನಪಿನಿಂದ ಮಾಸಿತು, ತಾಯ್ನುಡಿ ನಾಲಗೆಯಿಂದ ಜಾರಿತು. ಹದಿನೆಂಟನೆಯ ವಯಸ್ಸಿನಲ್ಲಿ ಮಿಷನ್ನಿನಿಂದ ಹೊರಬಂದು ಪರ್ತ್ ನಗರದಲ್ಲಿ ದಾದಿಯ ಸಹಾಯಕಿಯಾಗಿ ತರಬೇತಿ ಪಡೆದು, ವಿವಾಹವಾಗಿ, ಮಕ್ಕಳ ತಾಯಿಯಾದರು. ತಂದೆತಾಯಿಯರನ್ನು ಅವರು ಪುನಃ ಕಂಡದ್ದು 1962ರಲ್ಲಿ. ತಾಯಿಯನ್ನು ಅಗಲಿ ಆಗ ಇಪ್ಪತ್ತೊಂದು ವರ್ಷಗಳಾಗಿದ್ದವು. ತಾಯಿ ತನ್ನನ್ನು ಬಿಟ್ಟುಕೊಟ್ಟಳೆಂಬ ನೋವು ಎದೆಯಲ್ಲಿ ಕೂತಿದ್ದ ಮಗಳಿಗೆ, ತಾಯಿ ಏನು ಮಾಡಿದಳು, ಏಕೆ ಮಾಡಿದಳು ಎಂಬುದು ಒಂದೇ ದಿನದಲ್ಲಿ ತಿಳಿಯುವ ಸಂಗತಿಯಾಗಿರಲಿಲ್ಲ. ಅದನ್ನು ತಿಳಿಯುವ ಕೆಲಸವೇ ಮುಂದೆ ಅವರ ಸಾಹಿತ್ಯವಾಯಿತು ಎನ್ನಲಡ್ಡಿಯಿಲ್ಲ.

ಕಡತ ಮತ್ತು ನೆನಪು

ಮಕ್ಕಳು ಬೆಳೆದ ಮೇಲೆ ಡೋರಿಸರು ವಿದ್ಯಾರ್ಥಿನಿಯಾಗಿ ಪರ್ತ್‌ನ ಕರ್ಟಿನ್ ವಿದ್ಯಾಸಂಸ್ಥೆಯಲ್ಲಿ ಪತ್ರಿಕೋದ್ಯಮವನ್ನು ಅಭ್ಯಾಸ ಮಾಡಿದರು. ಚಲನಚಿತ್ರ, ದೂರದರ್ಶನಗಳ ನಿರ್ಮಾಣದಲ್ಲೂ ಕೆಲಸ ಮಾಡಿದರು. ತಾಯಿ ಮೋಲಿ ಮತ್ತು ಚಿಕ್ಕಮ್ಮ ಡೇಸಿ ಹೇಳಿದ ನಡಿಗೆಯ ವೃತ್ತಾಂತವನ್ನು ಬರೆಯಬೇಕೆಂಬ ಸಂಕಲ್ಪ ಮೂಡಿದ್ದು ಆ ಅವಧಿಯಲ್ಲಿ. ಆದರೆ ಹೇಳಿಕೆಯನ್ನು ಹಾಗೆಯೇ ಬರೆದುಕೊಳ್ಳುವಷ್ಟು ಸುಲಭದ ಕೆಲಸ ಅದಾಗಿರಲಿಲ್ಲ.

ಮೊದಲನೆಯ ತೊಡಕೆಂದರೆ ಕಾಲ ಮತ್ತು ದೂರದ ಲೆಕ್ಕ. ನಡೆದವರಿಬ್ಬರೂ ಓದುಬರಹ ಅರಿಯರು; ನಡಿಗೆ ನಡೆದು ಅರ್ಧ ಶತಮಾನ ಕಳೆದಿತ್ತು. ಎಷ್ಟು ಮೈಲಿ, ಯಾವ ತಾರೀಖು ಎಂಬ ಪ್ರಶ್ನೆಗಳಿಗೆ ಮಾರ್ಡು ಜನರ ಬದುಕಿನಲ್ಲಿ ಅರ್ಥವೇ ಇರಲಿಲ್ಲ. ಅವರ ಪಂಚಾಂಗವೆಲ್ಲ ಪ್ರಕೃತಿಯೇ. ಋತುಗಳ ಗುರುತಿನಿಂದಲೇ ಅವರಿಗೆ ಕಾಲದ ಪರಿಗಣನೆ. ಹೇಳುವವರಿಗೆ ಇದರಲ್ಲಿ ಯಾವ ಕೊರತೆಯೂ ಕಾಣದು. ಬರೆಯುವವರಿಗೆ ಮಾತ್ರ ಇದು ಕಡುಕಷ್ಟ. ಡೋರಿಸರು ಈ ತೊಡಕನ್ನು ತಮ್ಮ ಪುಸ್ತಕದ ಪೀಠಿಕೆಯಲ್ಲೇ ಹೇಳಿದ್ದಾರೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಜಾಣತನದ್ದು. ಇಪ್ಪತ್ತನೆಯ ಶತಮಾನದ ಆದಿಯಿಂದ ಆ ಭಾಗದಲ್ಲಿ ಸಂಚರಿಸಿದ ಭೂಗೋಳ ಮತ್ತು ಸಸ್ಯಶಾಸ್ತ್ರದ ಅನ್ವೇಷಕರ ದಾಖಲೆಗಳನ್ನು ತೆರೆದು, ಎಲ್ಲಿ ಯಾವ ಗಿಡಮರ, ಎಂಥ ನೆಲ ಎಂಬುದನ್ನು ತಿಳಿದುಕೊಂಡು, ಅದನ್ನು ತಾಯಿ ಮತ್ತು ಚಿಕ್ಕಮ್ಮಂದಿರ ಮಾತಿಗೆ ತಾಳೆಹಾಕಿದರು.

ಎರಡನೆಯದು, ಸರಕಾರದ ಕಡತ. ಮೋಲಿಯ ಕುಟುಂಬದವರು ಬಾಯಲ್ಲಿ ಉಳಿಸಿಕೊಂಡಿದ್ದನ್ನು ಇಲಾಖೆಯವರು ತಮ್ಮ ರೀತಿಯಲ್ಲಿ ಕಾಗದದ ಮೇಲೆ ಉಳಿಸಿದ್ದರು. ಪೋಲೀಸರ ವರದಿಗಳು, ತಂತಿ ಸಮಾಚಾರಗಳು, ಕಚೇರಿಯ ಪತ್ರಗಳು, ಹುಡುಗಿಯರು ಕಾಣೆಯಾದರೆಂದು ಪರ್ತ್‌ನ ದಿನಪತ್ರಿಕೆಯಲ್ಲಿ ಬಂದ ಸುದ್ದಿ, ಇವೆಲ್ಲ ಅಲ್ಲಿದ್ದವು. ಒಂದು ಕುಟುಂಬವನ್ನು ಒಡೆಯಲೆಂದು ಬರೆದ ಆ ಕಾಗದಗಳೇ ಕುಟುಂಬದ ಕಥೆಗೆ ಸಾಕ್ಷಿಯಾಗಿ ನಿಂತವು. ಮುದುಕಿಯರ ಮಾತೆಂದು ತಳ್ಳಿಹಾಕಬಹುದಾಗಿದ್ದ ವೃತ್ತಾಂತಕ್ಕೆ ಅಧಿಕಾರಿಗಳ ಸಹಿಯೇ ಆಧಾರ! ಡೋರಿಸರು ಆ ಪತ್ರಗಳನ್ನು ತಮ್ಮ ಪುಸ್ತಕದ ನಡುವೆ ಇದ್ದಂತೆಯೇ ಸೇರಿಸಿದರು. ಒಂದು ಪುಟದಲ್ಲಿ ಮಕ್ಕಳ ಹಸಿವು, ಚಳಿ, ಕಾಲುನೋವು. ಮತ್ತೊಂದರಲ್ಲಿ ಖರ್ಚುವೆಚ್ಚದ ಬಗೆಗೆ ಕಚೇರಿಯ ಒಣ ಭಾಷೆ. ಎರಡನ್ನೂ ಎದುರುಬದುರಾಗಿ ಇಟ್ಟು ಲೇಖಕಿ ಹೆಚ್ಚಾಗಿ ಸುಮ್ಮನಿರುತ್ತಾರೆ. ಆ ಮೌನದ ಪರಿಣಾಮ ದೊಡ್ಡದು.

1985ರಲ್ಲಿ ಮೊದಲ ಕರಡು ಸಿದ್ಧವಾಯಿತು. ಪ್ರಕಾಶಕರಿಗೆ ಅದು ವಿದ್ವತ್ಪ್ರಬಂಧದಂತೆ ತೋರಿತು; ಕಾದಂಬರಿ ಬರೆದು ನೋಡಿರೆಂಬ ಸಲಹೆ ಬಂತು. ಸೋತು ಕೂರುವ ಜಾತಿಯಲ್ಲದ ಡೋರಿಸರು ಹಾಗೆಯೇ ಮಾಡಿದರು. ‘ಕ್ಯಾಪ್ರಿಸ್: ಗೋಪಾಲಕನ ಮಗಳು’ ಎಂಬ ಕಾದಂಬರಿಯ ಹಸ್ತಪ್ರತಿಗೆ 1990ರಲ್ಲಿ ಡೇವಿಡ್ ಯುನೈಪನ್ ಪ್ರಶಸ್ತಿ ದೊರೆತು, ಮರುವರ್ಷ ಅದು ಅಚ್ಚಾಯಿತು.

ಈ ಪ್ರಶಸ್ತಿಗೆ ಹೆಸರು ಕೊಟ್ಟ ಮಹನೀಯನ ವಿಚಾರವಾಗಿ ಇಲ್ಲಿ ಎರಡು ಮಾತು ಹೇಳಬೇಕು. ದಕ್ಷಿಣ ಆಸ್ಟ್ರೇಲಿಯದ ನಾರಿಂಜೆರಿ ಜನಾಂಗದ ಡೇವಿಡ್ ಯುನೈಪನ್ ತನ್ನ ನಾಡಿನ ಪುರಾಣಕಥೆಗಳನ್ನು ಸಂಗ್ರಹಿಸಿ ಬರೆದವನು. 1872ರಲ್ಲಿ ಹುಟ್ಟಿ 1967ರವರೆಗೆ ಬಾಳಿದವನು. ಆತನ ಸಂಗ್ರಹವು 1930ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಮುಖಪುಟದಲ್ಲಿದ್ದುದು ರಾಮ್ಸೆ ಸ್ಮಿತ್ ಎಂಬ ಬಿಳಿಯ ವೈದ್ಯನ ಹೆಸರು. ಯುನೈಪನ್ನನ ಹೆಸರಿನಲ್ಲೇ ಆ ಕಥೆಗಳು ಪುನಃ ಪ್ರಕಟವಾಗಲು 2001ರವರೆಗೆ ಕಾಯಬೇಕಾಯಿತು. ಆಸ್ಟ್ರೇಲಿಯದ ಐವತ್ತು ಡಾಲರಿನ ನೋಟಿನ ಮೇಲೆ ಆತನ ಚಿತ್ರ ಅದಕ್ಕೂ ಆರು ವರ್ಷ ಮೊದಲೇ, 1995ರಲ್ಲಿ, ಬಂದಿತ್ತು! ತನ್ನ ಜನರ ಕಥೆಯನ್ನು ತನ್ನ ಹೆಸರಿನಲ್ಲಿ ಹೇಳುವುದೆಂದರೆ ಮೂಲನಿವಾಸಿ ಲೇಖಕರಿಗೆ ಎಂಥ ಹೋರಾಟವಾಗಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಪ್ರಶಸ್ತಿ ಬಂದ ಮೇಲೆ ಡೋರಿಸರು ಹಳೆಯ ಕರಡನ್ನು ಮತ್ತೆ ಕೈಗೆತ್ತಿಕೊಂಡರು. ತಾಯಿ ಮತ್ತು ಚಿಕ್ಕಮ್ಮನ ಬಳಿ ಕುಳಿತು, ಕೇಳಿದ್ದನ್ನೇ ಮತ್ತೆ ಕೇಳಿ, ವರ್ಷಗಳ ಕಾಲ ತಿದ್ದಿದರು. ‘ಮೊಲದ ಬೇಲಿಯ ಜಾಡು ಹಿಡಿದು’ ಎಂಬರ್ಥದ ಶೀರ್ಷಿಕೆಯ ಆ ಪುಸ್ತಕ 1996ರಲ್ಲಿ ಹೊರಬಂತು. ತೆಳುವಾದ ಪುಸ್ತಕ, ಆದರೆ ಅದು ಮೂವರು ಹುಡುಗಿಯರಿಂದ ಆರಂಭವಾಗುವುದಿಲ್ಲ. ನೂರು ವರ್ಷ ಹಿಂದಕ್ಕೆ ಹೋಗಿ, ಬಿಳಿಯ ಸಿಪಾಯಿಗಳು ತೀರದಲ್ಲಿ ಇಳಿದ ಕಾಲದಿಂದ ತೊಡಗುತ್ತದೆ. ತನ್ನ ತಾಯಿಗೆ ಬಂದ ಕಷ್ಟ ಒಂದು ಮನೆಯ ದುರ್ದೈವವಲ್ಲ, ಇಡೀ ಜನಾಂಗದ ಇತಿಹಾಸದ ಒಂದು ಅಧ್ಯಾಯವೆಂಬುದು ಲೇಖಕಿಯ ನಿಲುವು. ಮಾರ್ಡು ಭಾಷೆಯ ಪದಗಳು ಪುಸ್ತಕದ ಉದ್ದಕ್ಕೂ ಬರುತ್ತವೆ. ಕೊನೆಯಲ್ಲಿ ಅವುಗಳ ಅರ್ಥಕೋಶವೂ ಇದೆ. ತಂಗಿಯರು ಮೋಲಿಯನ್ನು ಹೆಸರು ಹಿಡಿದು ಕೂಗುವುದಿಲ್ಲ, ಅಕ್ಕ ಎಂಬರ್ಥದ ತಮ್ಮ ಮಾತಿನಿಂದಲೇ ಕರೆಯುತ್ತಾರೆ. ಮಿಷನ್ನಿನಲ್ಲಿ ಆಡಲು ಬಿಡದಿದ್ದ ನುಡಿಯು ಹೀಗೆ ಅಚ್ಚಿನ ಪುಟವನ್ನು ಹತ್ತಿತು. ಮುಖಪುಟದಲ್ಲಿ ಮೊದಮೊದಲು ಡೋರಿಸ್ ಪಿಲ್ಕಿಂಗ್ಟನ್ ಎಂಬ ಹೆಸರಿನೊಡನೆ ನುಗಿ ಗರಿಮಾರ ಎಂಬ ಹುಟ್ಟುಹೆಸರೂ ಸೇರಿಕೊಂಡಿತು. ಎಸ್ಟೇಟಿನ ಯಜಮಾನಿತಿ ಬೇಡವೆಂದು ತೆಗೆದುಹಾಕಿದ್ದ ಹೆಸರು ಅದು.

ಪುಸ್ತಕ ಬಂದ ಮರುವರ್ಷವೇ, 1997ರಲ್ಲಿ, ಮಕ್ಕಳ ಅಪಹರಣದ ಕುರಿತ ರಾಷ್ಟ್ರೀಯ ವಿಚಾರಣೆಯ ವರದಿಯು ಆಸ್ಟ್ರೇಲಿಯದ ಸಂಸತ್ತಿನ ಮುಂದೆ ಬಂತು. 1910ರಿಂದ 1970ರವರೆಗಿನ ಅವಧಿಯಲ್ಲಿ ಮೂಲನಿವಾಸಿಗಳ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಹೀಗೆ ಬಲವಂತವಾಗಿ ಅಗಲಿಸಲ್ಪಟ್ಟರೆಂದು ಅದು ಅಂದಾಜು ಮಾಡಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಇಂಥ ವರದಿಗಳ ಅಂಕಿಸಂಖ್ಯೆಗಳನ್ನು ಓದಿ ಬದಿಗಿಡುವ ಜನರೂ ಮೂವರು ಹುಡುಗಿಯರ ನಡಿಗೆಯನ್ನು ಮರೆಯಲಾರದೆ ಹೋದರು. ಫಿಲಿಪ್ ನಾಯ್ಸ್ ನಿರ್ದೇಶಿಸಿದ ಚಿತ್ರದ ಕೊನೆಯಲ್ಲಿ ವೃದ್ಧೆಯರಾದ ಮೋಲಿ ಮತ್ತು ಡೇಸಿ ತಾವೇ ಕಾಣಿಸಿಕೊಳ್ಳುತ್ತಾರೆ.

ಚಿತ್ರದಿಂದ ಬಂದ ಕೀರ್ತಿಯಲ್ಲಿ ಡೋರಿಸರು ಮೈಮರೆಯಲಿಲ್ಲ. ತಾಯಿಯ ಕಥೆಯಾಯಿತು, ಇನ್ನು ತಮ್ಮದನ್ನು ಹೇಳಬೇಕಿತ್ತು. ಅದೇ ವರ್ಷ ಬಂದ ‘ವಿಂಟಮರ್ರದ ಕೆಳಗೆ’ ಎಂಬರ್ಥದ ಪುಸ್ತಕದಲ್ಲಿ ತಮ್ಮ ಜನನ, ವಸತಿಯ ಬಾಲ್ಯ, ಮಿಷನ್ನಿನ ದಿನಗಳು, ತಂದೆತಾಯಿಯರ ಪುನರ್ಮಿಲನ ಎಲ್ಲವನ್ನೂ ಬರೆದರು. 2006ರಲ್ಲಿ ನಡಿಗೆಯ ಕಥೆಯನ್ನು ಎಳೆಯ ಓದುಗರಿಗಾಗಿ ಸರಳವಾಗಿ ಪುನಃ ಹೇಳಿದರು. ಅದೇ ವರ್ಷ ರಾಷ್ಟ್ರಪ್ರಶಸ್ತಿಯೂ, 2008ರಲ್ಲಿ ಮೂಲನಿವಾಸಿ ಕಲಾವಿದರಿಗೆ ಸಲ್ಲುವ ರೆಡ್ ಓಕರ್ ಪ್ರಶಸ್ತಿಯೂ ಅವರಿಗೆ ಬಂದವು. ಅಗಲಿಸಲ್ಪಟ್ಟ ಮಕ್ಕಳ ಪರವಾದ ಸಮಾಧಾನ ಕಾರ್ಯಗಳಲ್ಲಿ ಅವರು ಮುಂದಾಗಿ ನಿಂತರು. 2014ರ ಏಪ್ರಿಲ್ 10ರಂದು ಪರ್ತ್ ನಗರದಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ನಿಧನರಾದರು. ಮೂವರು ಹುಡುಗಿಯರಲ್ಲಿ ಕಿರಿಯಳಾಗಿದ್ದ ಡೇಸಿ 2018ರವರೆಗೂ ಬದುಕಿದ್ದರು.

ಮೋಲಿ 2004ರ ಜನವರಿಯಲ್ಲಿ, ಎರಡು ಸಲ ನಡೆದು ಸೇರಿದ ಅದೇ ಜಿಗಲಾಂಗ್‌ನಲ್ಲಿ ತೀರಿಕೊಂಡರು. ಕಂಕುಳಲ್ಲಿ ಹೊತ್ತು ತಂದ ಅನಬೆಲ್‌ಳನ್ನು, ಸರಕಾರ ಕೊಂಡೊಯ್ದ ಮೇಲೆ, ಅವರು ಒಮ್ಮೆಯೂ ಕಾಣಲಿಲ್ಲ.